ಅಮೆರಿಕಾ ದೇಶದ ಜೇಬುಚಾಕುಗಳು

ರಾಜರ ಖಡ್ಗಗಳಿಗೂ ವೀರರ ಕಠಾರಿಗಳಿಗೂ ಚರಿತ್ರಕಾರರುಂಟು. ಆದರೆ ದಿನಬೆಳಗಾದರೆ ಗೃಹಸ್ಥನ ಕೈಯಲ್ಲಿ ಆಡುವ ಸಣ್ಣ ಉಪಕರಣಗಳ ಚರಿತ್ರೆಯನ್ನು ಬರೆದಿಡುವವರು ವಿರಳ. ನಮ್ಮ ಮನೆಗಳಲ್ಲಿಯೇ ನೋಡಿರಿ. ಅಜ್ಜಿಯ ಕಾಲದ ಅಡಕತ್ತರಿ, ಮೂರು ತಲೆಮಾರಿನ ಹೆಂಗಸರು ಕುಳಿತು ತರಕಾರಿ ಹೆಚ್ಚಿದ ಈಳಿಗೆಮಣೆ, ಇವು ಎಲ್ಲಿ ಹುಟ್ಟಿದುವು, ಯಾವ ಕಮ್ಮಾರನು ಇವುಗಳಿಗೆ ಹದವಿಟ್ಟನು ಎಂದು ಕೇಳಿದರೆ ಉತ್ತರ ಹೇಳಬಲ್ಲವರಿಲ್ಲ. ಹರಿತವಾಗಿರುವವರೆಗೆ ಬಳಕೆ, ಮೊಂಡಾದ ಮೇಲೆ ಅಟ್ಟ, ಅಟ್ಟದಿಂದ ಗುಜರಿಯವನ ತಕ್ಕಡಿ. ಇದೇ ಅವುಗಳ ಗತಿ. ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಬಹುಕಾಲ ಹೀಗೆಯೇ ನಡೆಯುತ್ತಿದ್ದಿತು. ಆದರೆ ಅಲ್ಲಿಯ ಒಂದು ಸಾಮಾನ್ಯ ಉಪಕರಣಕ್ಕೆ, ರೈತನ ಜೇಬಿನಲ್ಲಿ ಮಡಚಿ ಮಲಗಿರುತ್ತಿದ್ದ ಚಾಕುವಿಗೆ, ಅದೃಷ್ಟವಶದಿಂದ ಸಾವಿರಾರು ಮಂದಿ ಚರಿತ್ರಕಾರರು ಹುಟ್ಟಿಕೊಂಡರು. ಅವರಲ್ಲಿ ಬಹುಮಂದಿ ಪಂಡಿತರಲ್ಲ. ಹಳೆಯ ಚಾಕುಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು. ಇವರ ಹವ್ಯಾಸದ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಆ ದೇಶದ ಹಳ್ಳಿಗಾಡಿನಲ್ಲಿ ಜೇಬುಚಾಕುವು ಕೇವಲ ಸಾಮಾನಲ್ಲ, ಅದು ಪ್ರಾಯದ ಕುರುಹು. ಮಗನು ನಂಬಿಕೆಗೆ ಅರ್ಹನಾದನೆಂದು ತಂದೆಗೆ ತೋರಿದ ದಿನ ಅವನ ಕೈಗೆ ಚಾಕುವನ್ನು ಕೊಡುವುದು ಅಲ್ಲಿ ರೂಢಿಯಾಗಿದ್ದಿತು. ಮಾರ್ಕ್ ಟ್ವೇನ್ ಮಹಾಶಯನು ೧೮೭೬ರಲ್ಲಿ ಪ್ರಕಟಿಸಿದ ‘ಟಾಮ್ ಸಾಯರ್’ ಎಂಬ ಪ್ರಸಿದ್ಧ ಕಥೆಯಲ್ಲಿ, ಬೈಬಲಿನ ವಾಕ್ಯಗಳನ್ನು ಕಷ್ಟಪಟ್ಟು ಕಂಠಪಾಠ ಮಾಡಿದ ಹುಡುಗನಿಗೆ ದೊರೆಯುವ ಬಹುಮಾನವು ಹನ್ನೆರಡೂವರೆ ಸೆಂಟು ಬೆಲೆಯ ಒಂದು ಬಾರ್ಲೋ ಚಾಕು. ಅವನ ಸಂತೋಷಕ್ಕೆ ಪಾರವೇ ಇಲ್ಲ. ಬಡವರ ಮಕ್ಕಳಿಗೆ ಮಾತ್ರವಲ್ಲ, ದೇಶದ ಅಧ್ಯಕ್ಷನಿಗೂ ಇದು ಸಂಗಾತಿಯಾಗಿದ್ದಿತು. ೧೮೬೫ನೆಯ ಏಪ್ರಿಲ್ ೧೪ರ ರಾತ್ರಿ ಅಬ್ರಹಾಂ ಲಿಂಕನ್ನನು ಗುಂಡಿಗೆ ಗುರಿಯಾದಾಗ ಅವನ ಜೇಬುಗಳಲ್ಲಿದ್ದ ವಸ್ತುಗಳೆಂದರೆ ಎರಡು ಜೊತೆ ಕನ್ನಡಕ, ಒಂದು ಕರವಸ್ತ್ರ, ಕೆಲವು ಪತ್ರಿಕೆಯ ತುಣುಕುಗಳು, ಹಣದ ಚೀಲ ಮೊದಲಾದುವು. ಇವುಗಳೊಡನೆ ದಂತದ ಹಿಡಿಯ ಒಂದು ಜೇಬುಚಾಕು. ಅವನ ಮೊಮ್ಮಗಳು ೧೯೩೭ರಲ್ಲಿ ಒಪ್ಪಿಸಿದ ಆ ವಸ್ತುಗಳು ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿರುವುವು.

ಚಾಕುವನ್ನು ಬರಿದೆ ಉಡುಗೊರೆಯಾಗಿ ಕೊಟ್ಟರೆ ಸ್ನೇಹವು ಕತ್ತರಿಸಿಹೋಗುವುದೆಂಬ ಒಂದು ನಂಬಿಕೆಯೂ ಅವರಲ್ಲಿದೆ. ಆದುದರಿಂದ ಪಡೆದವನು ಒಂದು ಸೆಂಟಿನ ನಾಣ್ಯವನ್ನಾದರೂ ಹಿಂದಿರುಗಿಸಿ, ಅದನ್ನು ಕೊಂಡುಕೊಂಡಂತೆ ಮಾಡುವನು. ಉಪ್ಪು ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡಬಾರದೆಂದು ಹೇಳುವ ನಮ್ಮ ಹಿರಿಯರಿಗೆ ಈ ಮಾತು ವಿಚಿತ್ರವಾಗಿ ತೋರಲಾರದು.

ಇನ್ನು ಈ ಕೈಗಾರಿಕೆಯ ಪೂರ್ವೋತ್ತರವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕನರ ಜೇಬನ್ನು ತುಂಬುತ್ತಿದ್ದುದು ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದ ಸರಕು. ಬಾರ್ಲೋ ಚಾಕುವಿನ ಮಾದರಿಯೂ ಅಲ್ಲಿಯದೇ. ೧೮೩೪ರ ವೇಳೆಗೆ ಜಾನ್ ರಸೆಲ್ ಎಂಬವನು ಮಸಾಚುಸೆಟ್ಸ್ ಸಂಸ್ಥಾನದ ಗ್ರೀನ್‌ಫೀಲ್ಡಿನಲ್ಲಿ ಸ್ಥಾಪಿಸಿದ ಕಾರ್ಖಾನೆಯು ಗ್ರೀನ್ ರಿವರ್ ಎಂಬ ಹೆಸರಿನಿಂದ ಖ್ಯಾತಿಗೊಂಡು, ಪಶ್ಚಿಮದ ಕಾಡುಮೇಡುಗಳಲ್ಲಿ ತುಪ್ಪಳಕ್ಕಾಗಿ ಅಲೆಯುತ್ತಿದ್ದ ಬೇಟೆಗಾರರ ಸೊಂಟವನ್ನು ಸೇರಿತು. ೧೮೫೦ರ ದಶಕದಲ್ಲಿ ಷೆಫೀಲ್ಡಿನಿಂದ ವಲಸೆಬಂದ ಕೆಲಸಗಾರರ ಕೈಚಳಕದಿಂದ ನ್ಯೂಯಾರ್ಕ್ ಸಂಸ್ಥಾನದ ವಾಲ್ಡನ್ ಎಂಬ ಊರು ಜೇಬುಚಾಕುಗಳಿಗೆ ಹೆಸರಾಗಿ, ‘ಚಿಕ್ಕ ಷೆಫೀಲ್ಡ್’ ಎಂದು ಕರೆಯಿಸಿಕೊಂಡಿತು. ೧೮೯೦ರಲ್ಲಿ ಮೆಕಿನ್ಲಿಯ ಹೆಸರಿನ ಸುಂಕದ ಕಾನೂನು ಹೊರದೇಶದ ಸರಕಿಗೆ ಭಾರವಾದ ತೆರಿಗೆಯನ್ನು ಹೇರಿದುದರಿಂದ ಸ್ವದೇಶದ ಕಾರ್ಖಾನೆಗಳಿಗೆ ಬಲಬಂದಿತು. ಪರದೇಶದಿಂದ ಬರುವ ವಸ್ತುವಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದೂ ಅದೇ ಕಾನೂನು ವಿಧಿಸಿತು. ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂಬ ಮುದ್ರೆಯುಳ್ಳ ಚಾಕುವು ಸಾಮಾನ್ಯವಾಗಿ ೧೮೯೧ಕ್ಕೆ ಈಚಿನದೆಂದು ಇಂದಿನ ಸಂಗ್ರಾಹಕರು ತಿಳಿಯುವುದು ಈ ಕಾರಣದಿಂದಲೇ.

ಜೇಬುಚಾಕುವಿನ ರಚನೆಯು ನೋಡುವುದಕ್ಕೆ ಸರಳ, ಮಾಡುವುದಕ್ಕೆ ಕಠಿನ. ಅಲಗಿನ ಬುಡವು ಒಂದು ಮೊಳೆಯ ಮೇಲೆ ತಿರುಗುವುದು; ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯು ಆ ಬುಡವನ್ನು ಸದಾ ಒತ್ತುತ್ತಿದ್ದು, ಅಲಗು ತೆರೆದಾಗ ತೆರೆದೇ ನಿಲ್ಲುವಂತೆಯೂ ಮಡಚಿದಾಗ ಮಡಚಿಯೇ ಇರುವಂತೆಯೂ ನೋಡಿಕೊಳ್ಳುವುದು. ಒಳಗೆ ಹಿತ್ತಾಳೆಯ ತಗಡುಗಳು, ತುದಿಗಳಲ್ಲಿ ಜರ್ಮನ್ ಸಿಲ್ವರಿನ ಕಟ್ಟುಗಳು, ಹೊರಗೆ ಮೂಳೆ, ಕೊಂಬು ಅಥವಾ ಮರದ ಹೊದಿಕೆ. ಇಷ್ಟೂ ಭಾಗಗಳು ಒಂದು ಕೂದಲೆಳೆಯಷ್ಟು ಸಂದಿಲ್ಲದೆ ಕೂಡಬೇಕಾದರೆ ಕೆಲಸಗಾರನು ಪ್ರತಿಯೊಂದನ್ನೂ ಕೈಯಿಂದ ಹೊಂದಿಸಬೇಕು. ಅಲಗು ಬಿಗಿಯಾಗಿ ಸಮವಾಗಿ ತಿರುಗುವುದನ್ನು ಅಮೆರಿಕನರು ಚಾಕುವಿನ ‘ನಡೆ’ ಎಂದೂ, ಮುಚ್ಚುವಾಗ ಟಕ್ಕೆಂದು ಕೇಳಿಬರುವ ಸದ್ದನ್ನು ಅದರ ‘ನುಡಿ’ ಎಂದೂ ಕರೆಯುವರು. ಮನುಷ್ಯರನ್ನು ಅಳೆಯಲು ನಾವು ಉಪಯೋಗಿಸುವ ನಡೆನುಡಿಗಳೆಂಬ ಮಾತೇ ಅಲ್ಲಿ ಚಾಕುವಿಗೂ ಸಲ್ಲುವುದು ಸೊಗಸಾಗಿದೆಯಲ್ಲವೆ?

ಮಾದರಿಗಳ ಹೆಸರನ್ನು ಕೇಳಿದರೇ ಅವು ಯಾರ ಕೈಗಾಗಿ ಹುಟ್ಟಿದುವೆಂಬುದು ತಿಳಿದುಬರುವುದು. ‘ಸ್ಟಾಕ್‌ಮನ್’ ಎಂಬುದು ದನಗಾರನ ಚಾಕು. ಇದಕ್ಕೆ ಮೂರು ಅಲಗು. ಚೂಪಾದುದೊಂದು ಎಲ್ಲ ಕೆಲಸಕ್ಕೆ. ಕುರಿಯ ಪಾದದ ಆಕಾರದ, ನೇರವಾದ ಬಾಯಿಯುಳ್ಳದೊಂದು ಹಗ್ಗ, ಚರ್ಮಗಳನ್ನು ಕೊಯ್ಯುವುದಕ್ಕೆ. ಮೊಂಡು ತುದಿಯ ಮೂರನೆಯದು ಹೋರಿಕರುಗಳಿಗೆ ಬೀಜ ತೆಗೆಯುವುದಕ್ಕೆ. ‘ಟ್ರ್ಯಾಪರ್’ ಎಂಬುದು ಬೋನುಗಳನ್ನೊಡ್ಡಿ ತುಪ್ಪಳದ ಪ್ರಾಣಿಗಳನ್ನು ಹಿಡಿಯುವವನದು. ಇದರ ಎರಡು ಉದ್ದನೆಯ ಅಲಗುಗಳಲ್ಲಿ ಒಂದಕ್ಕೆ ತುದಿ ಮೊಂಡಾಗಿರುವುದು ಚರ್ಮವನ್ನು ಬಿಡಿಸುವಾಗ ತೂತು ಬೀಳದಿರಲೆಂದು. ನಾವಿಕನ ಚಾಕುವಿಗೆ ತುದಿಯೇ ಚೂಪಿಲ್ಲ, ಏಕೆಂದರೆ ಹಡಗು ಓಲಾಡುವಾಗ ಚೂಪಾದ ಅಲಗು ಪಕ್ಕದವನಿಗೆ ತಗಲಬಾರದು. ಒಂದೊಂದು ಆಕಾರದ ಹಿಂದೆಯೂ ಹೀಗೆ ಒಂದೊಂದು ಕಸಬು ನಿಂತಿರುವುದು.

ಹಿಡಿಯ ವಿಷಯಕ್ಕೆ ಬಂದರೆ ನಮ್ಮ ನಾಡಿಗೂ ಈ ಚಾಕುಗಳಿಗೂ ಇರುವ ಒಂದು ನಂಟನ್ನು ಹೇಳಲೇಬೇಕು. ಸಾಮಾನ್ಯ ದರ್ಜೆಯ ಚಾಕುಗಳಿಗೆ ದನದ ಕಾಲಿನ ಮೂಳೆಯನ್ನು ಕೊರೆದು ಬಣ್ಣಕಟ್ಟಿ ಹಾಕುತ್ತಿದ್ದರು. ಹಾಗೆ ಕೊರೆಯುತ್ತಿದ್ದುದೇಕೆ? ಜಿಂಕೆಯ ಕೊಂಬಿನ ಒರಟು ಮೈಯನ್ನು ಅನುಕರಿಸುವುದಕ್ಕಾಗಿ. ನಿಜವಾದ ಕೊಂಬಿನ ಹಿಡಿಗೆ ಬೆಲೆ ಹೆಚ್ಚು. ಅದರಲ್ಲಿಯೂ ‘ಭಾರತದ ಕೊಂಬು’ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು. ಇದು ನಮ್ಮ ಕಡವೆಯ ಕೊಂಬು. ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳನ್ನು ನೋಡಿದವರಿಗೆ ಕಡವೆಯ ಪರಿಚಯವಿರುವುದು. ಅದರ ಕೊಂಬು ಪ್ರತಿಸಲ ಉದುರಿ ಮತ್ತೆ ಬೆಳೆಯತಕ್ಕದ್ದು. ಒಳಗಿನ ಮೆದುಭಾಗ ಕಡಮೆಯಾಗಿ ಗಟ್ಟಿಯಾಗಿರುವುದರಿಂದ ಚಾಕುವಿನ ಹಿಡಿಗೆ ಬಹಳ ಯೋಗ್ಯವಾದುದು. ಭಾರತದ ಅರಣ್ಯಗಳಲ್ಲಿ ಉದುರಿದ ಕೊಂಬುಗಳು ಹಡಗೇರಿ ಷೆಫೀಲ್ಡಿಗೂ ಜರ್ಮನಿಗೂ ಅಮೆರಿಕಾಕ್ಕೂ ಹೋಗುತ್ತಿದ್ದುವು. ಆದರೆ ಉದುರಿದ ಕೊಂಬಿನ ಹೆಸರಿನಲ್ಲಿ ಕೊಂದ ಪ್ರಾಣಿಯ ಕೊಂಬೂ ಸಾಗಬಹುದಷ್ಟೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಕಟ್ಟು ಬಿಗಿಯಾಗುತ್ತ ಬಂದು, ೧೯೯೦ರ ದಶಕದ ಕೊನೆಯಲ್ಲಿ ಕೊಂಬಿನ ರಫ್ತು ಪೂರ್ತಿಯಾಗಿ ನಿಂತುಹೋಯಿತು. ಅಂದಿನಿಂದ ಅಮೆರಿಕಾದಲ್ಲಿ ಹಳೆಯ ಕಡವೆ ಕೊಂಬಿನ ಹಿಡಿಗಳ ಬೆಲೆ ಏರಿತು. ಚಾಕುಪ್ರಿಯರಿಗೆ ಇದು ನಷ್ಟವಾದರೂ ಕಡವೆಗೆ ಲಾಭವೇ. ನಮಗೆ ಕಡವೆಯ ಲಾಭವೇ ದೊಡ್ಡದು. ಕಾಡಿನಲ್ಲಿ ಬಿದ್ದ ಕೊಂಬನ್ನು ಅನುಮತಿಯಿಲ್ಲದೆ ಮನೆಗೆ ತಂದಿಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧವೆಂಬುದನ್ನು ವಾಚಕರು ಮರೆಯಬಾರದು.

ಮಡಚುವ ಚಾಕುಗಳಂತೆಯೇ ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟುವ ಬೇಟೆಯ ಚಾಕುಗಳಿಗೂ ಸಂಗ್ರಾಹಕರಲ್ಲಿ ಮನ್ನಣೆಯುಂಟು. ಮಿಷಿಗನ್ ಸಂಸ್ಥಾನದ ಗ್ಲ್ಯಾಡ್‌ಸ್ಟನ್ ಎಂಬಲ್ಲಿದ್ದ ವೆಬ್‌ಸ್ಟರ್ ಮಾರ್ಬಲ್ ಎಂಬವನು ಮೊದಲು ಕಾಡಿನ ಮರಗಳನ್ನು ಅಳೆದು ಅಂದಾಜು ಮಾಡುವ ಉದ್ಯೋಗದಲ್ಲಿದ್ದು, ಅಲ್ಲಿಯ ಕಷ್ಟಗಳನ್ನು ಅನುಭವಿಸಿದವನಾದುದರಿಂದ, ಬಾಯಿಯನ್ನು ಮುಚ್ಚಿಟ್ಟುಕೊಳ್ಳಬಹುದಾದ ಕೈಗೊಡಲಿಯನ್ನೂ, ನೀರು ತಾಗದ ಬೆಂಕಿಪೆಟ್ಟಿಗೆಯನ್ನೂ, ಇಪ್ಪತ್ತನೆಯ ಶತಮಾನವು ಕಾಲಿಡುವ ಹೊತ್ತಿಗೆ ‘ಐಡಿಯಲ್’ ಎಂಬ ಬೇಟೆಯ ಚಾಕುವನ್ನೂ ಮಾರುಕಟ್ಟೆಗೆ ತಂದನು. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡುವ ಹಿಡಿಗೆ ಇವನ ಚಾಕುಗಳಿಂದ ಹೆಚ್ಚಿನ ಪ್ರಚಾರ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಅಮೆರಿಕಾದ ನೌಕಾಸೈನಿಕರಿಗಾಗಿ ಗೊತ್ತುಮಾಡಿದ ಏಳು ಅಂಗುಲದ ಅಲಗಿನ ‘ಕೇಬಾರ್’ ಚಾಕುವಿಗೂ ಇಂತಹ ಚರ್ಮದ ಹಿಡಿಯೇ.

ಇದಕ್ಕೆ ಸ್ವಲ್ಪ ಮೊದಲು, ೧೯೩೦ರ ದಶಕದಲ್ಲಿ, ಫ್ಲಾರಿಡಾದ ಕಿತ್ತಳೆ ತೋಟಗಳ ಒಡೆಯನಾದ ಬೋ ರ‍್ಯಾಂಡಲ್ ಎಂಬವನು, ಯಾರೋ ಒಬ್ಬನು ಚಾಕುವಿನಿಂದ ದೋಣಿಯ ಬಣ್ಣವನ್ನು ಕೆರೆಯುತ್ತಿದ್ದರೂ ಅದರ ಹರಿತವು ಕೆಡದಿರುವುದನ್ನು ಕಂಡು ಬೆರಗಾದನಂತೆ. ಅದು ಮಿಷಿಗನ್ನಿನ ವಿಲಿಯಂ ಸ್ಕೇಗಲ್ ಎಂಬ ಏಕಾಂತಪ್ರಿಯ ಕುಶಲಿಯ ಕೈಕೆಲಸ. ಆ ಚಾಕುವನ್ನು ಕೊಂಡುತಂದ ರ‍್ಯಾಂಡಲನು ತಾನೂ ಕುಲುಮೆಯ ಮುಂದೆ ನಿಂತನು. ಅವನು ಆರ್ಲಾಂಡೋದಲ್ಲಿ ಆರಂಭಿಸಿದ ಕೆಲಸವನ್ನು ಮನೆತನದವರು ಮುಂದುವರಿಸಿಕೊಂಡು ಬಂದಿರುವರು. ಕ್ಯಾನ್ಸಸ್ಸಿನಲ್ಲಿ ಕಮ್ಮಾರಿಕೆಯನ್ನು ಕಲಿತ ಹಾಯ್ಟ್ ಬಕ್ ಎಂಬವನ ವಂಶದವರು ೧೯೬೪ರಲ್ಲಿ ಹೊರತಂದ ೧೧೦ನೆಯ ನಂಬರಿನ ಚಾಕುವು ಮಡಚತಕ್ಕದ್ದಾದರೂ, ತೆರೆದಾಗ ಬೀಗ ಬಿದ್ದಂತೆ ನಿಲ್ಲುವುದರಿಂದ ಬೇಟೆಯ ಚಾಕುವಿನ ಕೆಲಸವನ್ನೆಲ್ಲ ಮಾಡಬಲ್ಲುದು.

ಈಗ ಸಂಗ್ರಹದ ಮಾತು. ದಕ್ಷಿಣ ಸಂಸ್ಥಾನಗಳಲ್ಲಿ ನ್ಯಾಯಾಲಯದ ಕಲಾಪವಿರುವ ದಿನ ಸುತ್ತಲಿನ ರೈತರು ಪಟ್ಟಣಕ್ಕೆ ಬಂದು, ಕಟ್ಟಡದ ಮುಂದಿನ ಮರಗಳ ನೆರಳಿನಲ್ಲಿ ಕುಳಿತು ಕಡ್ಡಿಗಳನ್ನು ಕೆತ್ತುತ್ತ, ಹರಟುತ್ತ, ಒಬ್ಬರ ಚಾಕುವನ್ನು ಮತ್ತೊಬ್ಬರು ನೋಡಿ ಅದಲುಬದಲು ಮಾಡಿಕೊಳ್ಳುವುದು ಹಳೆಯ ವಾಡಿಕೆ. ಅಲಬಾಮಾದ ಸ್ಕಾಟ್ಸ್‌ಬರೋ ಎಂಬಲ್ಲಿ ತಿಂಗಳ ಮೊದಲನೆಯ ಸೋಮವಾರದ ಸಂತೆಯು ಇದಕ್ಕೆ ಪ್ರಸಿದ್ಧಿಪಡೆದಿದ್ದಿತು. ಈ ನೆರಳಿನ ವ್ಯಾಪಾರವೇ ಕ್ರಮೇಣ ವ್ಯವಸ್ಥಿತವಾದ ಹವ್ಯಾಸವಾಗಿ ಬೆಳೆದು, ೧೯೭೨ರಲ್ಲಿ ಚಾಕು ಸಂಗ್ರಾಹಕರ ರಾಷ್ಟ್ರೀಯ ಸಂಘವೊಂದು ಹುಟ್ಟಿತು.

ಹವ್ಯಾಸವು ಇಷ್ಟು ಬೆಳೆಯುವುದಕ್ಕೆ ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡಿನಲ್ಲಿರುವ ಕೇಸ್ ಎಂಬ ಕಾರ್ಖಾನೆಯ ಮುದ್ರೆಗಳು ಬಹಳ ಸಹಾಯಮಾಡಿದುವು. ಅಲಗಿನ ಬುಡದಲ್ಲಿ ಕಾರ್ಖಾನೆಯ ಹೆಸರನ್ನು ಒತ್ತಿರುವರಷ್ಟೆ. ಕೇಸ್ ಕಾರ್ಖಾನೆಯವರು ಆ ಮುದ್ರೆಯನ್ನು ಕಾಲಕಾಲಕ್ಕೆ ಬದಲಾಯಿಸಿದರು. ೧೯೬೫ರಿಂದ ಅದರಲ್ಲಿ ದೇಶದ ಹೆಸರು ಸೇರಿತು. ೧೯೭೦ರಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕೆಗಳನ್ನಿಟ್ಟು, ವರ್ಷಕ್ಕೊಂದು ಚುಕ್ಕೆಯನ್ನು ಕಡಮೆಮಾಡುತ್ತ ಬಂದರು. ಆದುದರಿಂದ ಒಂದೇ ಚುಕ್ಕೆಯುಳ್ಳದು ೧೯೭೯ರದು. ಇದಲ್ಲದೆ ಅಲಗಿನ ಮೇಲಿರುವ ಅಂಕಿಗಳಿಗೂ ಅರ್ಥವುಂಟು. ೬೨೫೪ ಎಂದಿದ್ದರೆ ಮೊದಲಿನ ಆರು ಮೂಳೆಯ ಹಿಡಿಯನ್ನೂ, ಎರಡು ಅಲಗುಗಳ ಸಂಖ್ಯೆಯನ್ನೂ, ಉಳಿದ ಐವತ್ತುನಾಲ್ಕು ಟ್ರ್ಯಾಪರ್ ಎಂಬ ಮಾದರಿಯನ್ನೂ ಸೂಚಿಸುವುವು. ಮೊದಲಿನ ಅಂಕಿ ಐದಾದರೆ ಹಿಡಿ ಜಿಂಕೆಯ ಕೊಂಬಿನದು. ಶಾಸನವನ್ನು ಓದುವವನು ಲಿಪಿಯ ತಿರುವಿನಿಂದ ಅರಸನ ಕಾಲವನ್ನು ನಿರ್ಣಯಿಸುವಂತೆ, ಇವರು ಚುಕ್ಕೆಗಳನ್ನೆಣಿಸಿ ಚಾಕುವಿನ ಜಾತಕವನ್ನು ಬರೆಯುವರು. ಬಂದೂಕಿಗೆ ಹೆಸರಾದ ರೆಮಿಂಗ್‌ಟನ್ ಕಂಪನಿಯು ಮೊದಲನೆಯ ಮಹಾಯುದ್ಧ ಮುಗಿದ ಬಳಿಕ ೧೯೨೦ರಿಂದ ೧೯೪೦ರವರೆಗೆ ಚಾಕುಗಳನ್ನೂ ತಯಾರಿಸುತ್ತಿದ್ದಿತು. ಅವುಗಳಲ್ಲಿ ಹಿಡಿಯ ಮೇಲೆ ತೋಟಾದ ಆಕಾರದ ಸಣ್ಣ ಬಿಲ್ಲೆಯುಳ್ಳವಕ್ಕೆ ಇಂದು ಎಲ್ಲಿಲ್ಲದ ಗಿರಾಕಿ.

ಬೆಲೆಯೇರಿದೆಡೆಯಲ್ಲಿ ಮೋಸವೂ ಬರುವುದು ಲೋಕರೂಢಿ. ಹಳೆಯ ಮುದ್ರೆಯನ್ನು ಹೊಸ ಅಲಗಿಗೆ ಒತ್ತುವವರೂ, ಮುರಿದ ಎರಡು ಚಾಕುಗಳಿಂದ ಒಂದನ್ನು ಕಟ್ಟುವವರೂ, ಹೊಸ ಮೂಳೆಗೆ ಹಳೆಯ ಬಣ್ಣಕೊಡುವವರೂ ಉಂಟು. ಬಲ್ಲವರು ಮೊದಲು ನೋಡುವುದು ಸವೆತವನ್ನು. ಅಲಗು ಅರ್ಧ ಸವೆದಿದ್ದು ಬುಡದ ಮುದ್ರೆ ಮಾತ್ರ ನಿನ್ನೆ ಒತ್ತಿದಂತೆ ಗರಿಗರಿಯಾಗಿದ್ದರೆ ಸಂದೇಹಪಡಬೇಕು. ಹಿಡಿ ಹಳತಾಗಿದ್ದು ಮೊಳೆಯ ತಲೆಗಳು ಥಳಥಳಿಸಿದರೆ ಯಾರೋ ಬಿಚ್ಚಿ ಕಟ್ಟಿರುವರೆಂದು ತಿಳಿಯಬೇಕು. ಮತ್ತೊಂದು ಅಪಾಯವು ಸದುದ್ದೇಶದಿಂದಲೇ ಬರತಕ್ಕದ್ದು. ತಾತನ ಚಾಕು ಕಪ್ಪಾಗಿದೆಯೆಂದು ಮೊಮ್ಮಗನು ಅದನ್ನು ಸಾಣೆಯ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಮಾಡಿಬಿಡುವನು. ಹಳೆಯ ಉಕ್ಕಿನ ಮೇಲೆ ಬೂದುನೀಲಿಯಾಗಿ ಕಟ್ಟುವ ಬಣ್ಣವು ಕೊಳೆಯಲ್ಲ, ವರ್ಷಗಳ ಬಳಕೆಯ ಗುರುತು. ಕೆಂಪು ತುಕ್ಕನ್ನು ಮಾತ್ರ ಎಣ್ಣೆಯ ಬಟ್ಟೆಯಿಂದ ಮೆಲ್ಲನೆ ತೆಗೆದರೆ ಸಾಕು. ಚರ್ಮದ ಒರೆಯಲ್ಲಿ ಬಹುಕಾಲ ಇಟ್ಟರೆ ಹದಮಾಡಿದ ಚರ್ಮದಲ್ಲಿರುವ ಉಪ್ಪು ಮತ್ತು ತೇವಗಳು ಅಲಗನ್ನು ತಿನ್ನುವುವು. ಸೆಲ್ಯುಲಾಯ್ಡಿನ ಹಿಡಿಯುಳ್ಳ ಹಳೆಯ ಚಾಕುಗಳನ್ನಂತೂ ಬೇರೆಯಾಗಿಯೇ ಇಡತಕ್ಕದ್ದು. ಆ ವಸ್ತುವು ಕಾಲಕ್ರಮದಲ್ಲಿ ಕೆಟ್ಟು, ಅದರಿಂದೇಳುವ ಆಮ್ಲದ ಆವಿಯು ಪೆಟ್ಟಿಗೆಯಲ್ಲಿರುವ ಇತರ ಚಾಕುಗಳನ್ನೂ ತುಕ್ಕಿಗೆ ಒಪ್ಪಿಸುವುದು.

ಇದೆಲ್ಲ ಸಿರಿವಂತರ ಕಾಲಕ್ಷೇಪವಲ್ಲವೆ ಎಂದು ಯಾರಾದರೂ ಕೇಳಬಹುದು. ಕೆಲವರಿಗೆ ಹಾಗಿರಲೂಬಹುದು. ಆದರೆ ಈಚಿನ ವರ್ಷಗಳ ಸಮಾಚಾರವು ಈ ಹವ್ಯಾಸಕ್ಕೆ ಬೇರೊಂದು ಗಾಂಭೀರ್ಯವನ್ನು ತಂದಿರುವುದು. ೧೯೦೪ರಲ್ಲಿ ವಾಲ್ಡನ್ನಿನಲ್ಲಿ ಹುಟ್ಟಿದ ಷ್ರೇಡ್ ಎಂಬ ಹೆಸರಿನ ಕಾರ್ಖಾನೆಯು ಎಲೆನ್‌ವಿಲ್ ಎಂಬ ಸಣ್ಣ ಊರಿನಲ್ಲಿ ನಡೆಯುತ್ತಿದ್ದು, ೨೦೦೪ರಲ್ಲಿ ಬಾಗಿಲು ಹಾಕಿತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಯುದ್ಧಕಾಲದಲ್ಲಿ ಸೈನಿಕರಿಗೆ ಚಾಕುಗಳನ್ನೊದಗಿಸಿದ ಕಮಿಲಸ್ ಕಾರ್ಖಾನೆಯು ೨೦೦೭ರಲ್ಲಿ ಮುಚ್ಚಿತು. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ಲಿನ ಕ್ವೀನ್ ಕಾರ್ಖಾನೆಯು ೨೦೧೮ರಲ್ಲಿ ನಿಂತಿತು. ಅಗ್ಗದ ಪರದೇಶದ ಸರಕಿನ ಮುಂದೆ, ಕೈಯಿಂದ ಹೊಂದಿಸಿ ಕಟ್ಟುವ ಕೆಲಸಕ್ಕೆ ನಿಲ್ಲುವ ಶಕ್ತಿ ಕುಂದಿತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳನ್ನು ಹರಾಜು ಹಾಕಬಹುದು. ಆದರೆ ಬೆನ್ನಿನ ಪಟ್ಟಿಗೆ ಎಷ್ಟು ಬಾಗು ಕೊಟ್ಟರೆ ಚಾಕುವಿನ ನಡೆನುಡಿಗಳು ಸರಿಯಾಗುವುವೆಂಬ ಬೆರಳುಗಳ ಅರಿವನ್ನು ಹರಾಜಿನಲ್ಲಿ ಯಾರೂ ಕೊಳ್ಳಲಾರರು. ಅದು ಕೆಲಸಗಾರನೊಡನೆ ಮನೆಗೆ ಹೋಗಿ, ಅವನೊಡನೆಯೇ ಮಣ್ಣಾಗುವುದು. ಆಮೇಲೆ ಉಳಿಯುವ ಸಾಕ್ಷ್ಯವು ಅವನು ಕಟ್ಟಿದ ಚಾಕು ಮಾತ್ರ.

ಆ ಸಾಕ್ಷ್ಯವು ವ್ಯರ್ಥವಾಗುವುದಿಲ್ಲವೆನ್ನುವುದಕ್ಕೂ ನಿದರ್ಶನವುಂಟು. ಅದೇ ಟೈಟಸ್‌ವಿಲ್ಲಿನಲ್ಲಿ ೨೦೦೬ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಹೊಸ ಕಾರ್ಖಾನೆಯೊಂದು ಆರಂಭವಾಗಿ, ಹಳೆಯ ಮಾದರಿಗಳನ್ನು ಹಳೆಯ ಕ್ರಮದಲ್ಲಿ, ಹಳೆಯ ಬಗೆಯ ಇಂಗಾಲದ ಉಕ್ಕಿನಿಂದಲೇ ಮಾಡತೊಡಗಿತು. ಈ ಚಾಕುಗಳು ಸಂಖ್ಯೆಯಲ್ಲಿ ಸ್ವಲ್ಪ. ಅಂಗಡಿಗೆ ಬಂದೊಡನೆ ಮುಗಿದುಹೋಗುವುವು. ಇವನ್ನು ಬೇಡುವವರು ಯಾರು? ಹಳೆಯ ಚಾಕುಗಳನ್ನು ಕೂಡಿಟ್ಟು, ಒಳ್ಳೆಯ ಕೆಲಸವೆಂದರೇನೆಂಬುದನ್ನು ಕಣ್ಣಿಗೂ ಕೈಗೂ ಕಲಿಸಿಕೊಂಡವರೇ. ಹೀಗೆ ಸಂಗ್ರಾಹಕನು ಸತ್ತ ಕಸಬಿಗೆ ಶ್ರಾದ್ಧಮಾಡುವವನು ಮಾತ್ರವಲ್ಲ, ಉಳಿದಿರುವ ಕಸಬಿಗೆ ಅನ್ನವಿಕ್ಕುವವನೂ ಆಗಿರುವನು.

ಕೊನೆಯದಾಗಿ ಸಂಗ್ರಾಹಕರಲ್ಲಿಯೇ ಇರುವ ಒಂದು ವ್ಯಾಜ್ಯವನ್ನು ಹೇಳಿ ಮುಗಿಸುವೆವು. ಮಾರುಕಟ್ಟೆಯು ಹೆಚ್ಚು ಬೆಲೆ ಕೊಡುವುದು ಒಮ್ಮೆಯೂ ಬಳಸದ, ಸಾಣೆ ಕಾಣದ, ಪೆಟ್ಟಿಗೆಯಿಂದ ಹೊರಬಾರದ ಚಾಕುವಿಗೆ. ಐವತ್ತು ವರ್ಷ ದನಗಳ ನಡುವೆ ದುಡಿದು, ಅಲಗು ಹುಲ್ಲಿನೆಸಳಿನಂತೆ ಸವೆದು, ಹಿಡಿಯ ಕೊರೆತಗಳೆಲ್ಲ ಒಡೆಯನ ಹೆಬ್ಬೆರಳಿಗೆ ನುಣುಪಾದ ಚಾಕುವಿಗೆ ನಾಲ್ಕು ಕಾಸೂ ಇಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯಿರಬಹುದು. ಕಾರ್ಖಾನೆಯು ಚಾಕುವನ್ನು ಹೇಗೆ ಮಾಡಿತೆಂಬುದನ್ನು ತಿಳಿಸುವುದು ಬಳಸದ ಚಾಕುವೇ. ಆದರೆ ಮನುಷ್ಯನು ಅದನ್ನು ಏತಕ್ಕೆ ಬಳಸಿದನು, ಯಾವ ಅಲಗನ್ನು ಹೆಚ್ಚು ಸವೆಸಿದನು, ಬಲಗೈಯವನೋ ಎಡಗೈಯವನೋ ಎಂಬ ಸಂಗತಿಗಳನ್ನೆಲ್ಲ ಹೇಳಬಲ್ಲುದು ಸವೆದ ಚಾಕು ಮಾತ್ರ. ಚರಿತ್ರೆಯನ್ನು ಕೂಡಿಡುವವನಿಗೆ ಎರಡೂ ಬೇಕು; ಒಂದನ್ನು ಮಾತ್ರ ಉಳಿಸಿಕೊಳ್ಳಬಹುದಾದರೆ ನಾವು ಸವೆದುದನ್ನೇ ಆರಿಸಿಕೊಳ್ಳುವೆವು. ಹೊಸದರಂತಹದನ್ನು ಮತ್ತೊಬ್ಬ ಕುಶಲಿಯು ಮಾಡಿಕೊಡಬಲ್ಲನು, ಸವೆದುದನ್ನು ಯಾರೂ ಮಾಡಿಕೊಡಲಾರರು.

ಅಮೆರಿಕಾದ ಅನುಭವಸ್ಥ ಸಂಗ್ರಾಹಕರು ಹೊಸಬರಿಗೆ ಹೇಳುವ ಬುದ್ಧಿಮಾತೊಂದುಂಟು: ಚಾಕುವನ್ನು ಇಟ್ಟರೆ ಸಾಲದು, ಅದು ಯಾರದೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡು. ನಮ್ಮ ಗೃಹಸ್ಥರು ಚಾಕುಗಳನ್ನು ಕೂಡಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಈ ಒಂದು ಪದ್ಧತಿಯನ್ನು ಅವರಿಂದ ಕಲಿಯುವುದರಲ್ಲಿ ಖರ್ಚೇನೂ ಇಲ್ಲ. ಅಟ್ಟದ ಮೇಲಿರುವ ಅಡಕತ್ತರಿಯನ್ನು ಕೆಳಗಿಳಿಸಿ, ಎಣ್ಣೆಯ ಬಟ್ಟೆಯಿಂದ ಒರಸಿ, ಅದು ಯಾರ ಕೈಯಲ್ಲಿತ್ತು, ಯಾವ ಊರಿನಿಂದ ಬಂದಿತು, ಅದರಿಂದ ಏನು ಕೆಲಸ ನಡೆಯಿತು ಎಂಬ ಮೂರು ಸಾಲುಗಳನ್ನು, ತಿಳಿದ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿರಿ. ಕಬ್ಬಿಣವು ಎಣ್ಣೆಯಿದ್ದರೆ ನೂರು ವರ್ಷ ಕಾಯುವುದು. ಹಿರಿಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ.